ಕಾಂಕ್ರೀಟ್ ಹಾಕುವ ದಿನವೇ ಬರುತ್ತಿದ್ದ ಆನೆ

ಮೊನ್ನೆ ಚಿಕ್ಕಮಗಳೂರಿನ ಒಂದು ಕಾಲೇಜಿನಿಂದ ಇಬ್ಬರು ಮೇಷ್ಟ್ರು ನಮ್ಮ ಮನೆಗೆ ಬಂದಿದ್ದರು. ಸಿವಿಲ್ ಇಂಜಿನಿಯರಿಂಗ್ ಕಲಿಸುವವರು. ನಿವೃತ್ತಳಾದ ಹೆಂಗಸು, ಅದೂ ಸೈಟಿನಲ್ಲಿ ನಿಂತು ಕೆಲಸ ಮಾಡಿಸಿದವಳು ಎಂದು ಯಾರೋ ನನ್ನ ಹೆಸರು ಹೇಳಿದ್ದರಂತೆ. ಹುಡುಗಿಯರ ಮುಂದೆ ನಾನು ನಾಲ್ಕು ಮಾತಾಡಬೇಕಂತೆ.

"ಎಂತ ಮಾತಾಡ್ಲಿ?" ಎಂದೆ.

"ಧೈರ್ಯ ಬರೋ ಹಾಗೆ ಮೇಡಂ. ನೀವು ಹೇಗೆ ಉಳ್ಕೊಂಡ್ರಿ, ಹೇಗೆ ಮೇಲೆ ಬಂದ್ರಿ ಅಂತ. ನೆಗೆಟಿವ್ ಮಾತ್ರ ಬೇಡ."

ನೆಗೆಟಿವ್ ಬೇಡ ಎಂದು ಮೊದಲೇ ಹೇಳುವವರನ್ನು ಕಂಡರೆ ನನಗೆ ಅನುಮಾನ. ಕ್ಲಾಸಿನಲ್ಲಿ ಹುಡುಗಿಯರು ಎಷ್ಟಿದ್ದಾರೆ ಎಂದು ಕೇಳಿದೆ. ಹುಡುಗರಿಗಿಂತ ಜಾಸ್ತಿ ಎಂದು ಹೆಮ್ಮೆಯಿಂದ ಹೇಳಿದರು. ಹಿಂದೆ ಓದಿ ಹೋದವರಲ್ಲಿ ಈಗ ಸೈಟಿನಲ್ಲಿ ಇರುವವರು ಯಾರು ಯಾರು ಎಂದೆ. ಇಬ್ಬರಲ್ಲಿ ವಯಸ್ಸಿನಲ್ಲಿ ಚಿಕ್ಕವರು, "ಮದುವೆ ಆಗಿ ಬಿಟ್ಬಿಡ್ತಾರೆ ಮೇಡಂ, ಎಂತ ಮಾಡೋದು" ಎಂದರು. ನಾನು ಬರುವುದಿಲ್ಲ ಎಂದು ಹೇಳಿ ಕಾಫಿ ಕೊಟ್ಟು ಕಳಿಸಿದೆ.

ಆ ಹುಡುಗಿಯರಿಗೆ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದರಿಂದ ಯಾರಿಗೂ ಉಪಯೋಗವಿಲ್ಲ. ನಾನಿದ್ದ ಇಲಾಖೆಯ ಹೆಸರೂ ಬೇಡ. ರಸ್ತೆ, ಮೋರಿ, ಶಾಲೆ ಕಟ್ಟಡ ನೋಡಿಕೊಳ್ಳುವ ಇಲಾಖೆ ಎಂದರೆ ಸಾಕು. ಕೆಲಸವನ್ನು ಕಂಟ್ರಾಕ್ಟರು ಮಾಡುತ್ತಾನೆ, ಅದು ಸರಿಯಾಗಿದೆಯೋ ಇಲ್ಲವೋ ಎಂದು ನಾವು ನೋಡುತ್ತೇವೆ. ಸರಿಯಿಲ್ಲದಿದ್ದರೆ ಕೀಳಿಸುತ್ತೇವೆ. ನಮ್ಮ ಕೆಲಸವೆಲ್ಲ ಇಷ್ಟೇ. ಕೀಳಿಸು ಎಂದು ಹೇಳುವ ಅಧಿಕಾರ ಇರುವುದರಿಂದಲೇ ಉಳಿದೆಲ್ಲ ತಾಪತ್ರಯ.

ನಾನು ಡಿಪ್ಲೊಮಾ ಮುಗಿಸಿ ಮೂಡಿಗೆರೆಯಲ್ಲಿ ಕೆಲಸಕ್ಕೆ ಸೇರಿದಾಗ ನನ್ನ ಜೊತೆ ಶೈಲಜಾ ಎಂಬವಳೂ ಸೇರಿದಳು. ಇಡೀ ಕಚೇರಿಯಲ್ಲಿ ನಾವಿಬ್ಬರೇ ಹೆಂಗಸರು. ಆಗ ನಮಗೆ ಇಲಾಖೆಯ ಗಾಡಿ ಇರಲಿಲ್ಲ. ಇದ್ದ ಒಂದು ಜೀಪು ಸಾಹೇಬರದ್ದು. ಗಂಡಸರು ಬೈಕು ಇಟ್ಟುಕೊಂಡಿದ್ದರು. ನಮಗೆ ಬಸ್ಸು, ಬಸ್ಸು ಇಳಿದ ಮೇಲೆ ನಡಿಗೆ. ಅದಿಲ್ಲದಿದ್ದರೆ ಕಂಟ್ರಾಕ್ಟರನ ಜೀಪು.

ಕಂಟ್ರಾಕ್ಟರನ ಜೀಪು ಅವನಿಗೆ ಬೇಕಾದ ಹೊತ್ತಿಗೆ ಬರುತ್ತದೆ. ಬೆಳಿಗ್ಗೆ ಪಾಯ ತುಂಬುವುದಿದ್ದರೆ ಜೀಪು ಮಧ್ಯಾಹ್ನ ಬರುತ್ತದೆ. ನಾವು ಹೋಗಿ ನೋಡುವಾಗ ಪಾಯದ ಮೇಲೆ ಮಣ್ಣು ಬಿದ್ದಿರುತ್ತದೆ. "ಪಂಕ್ಚರ್ ಆಯ್ತು ಮೇಡಂ" ಎನ್ನುತ್ತಾನೆ ಡ್ರೈವರು. ಆ ಜೀಪಿಗೆ ಆದಷ್ಟು ಪಂಕ್ಚರು ಈ ಜಿಲ್ಲೆಯಲ್ಲಿ ಬೇರೆ ಯಾವ ಗಾಡಿಗೂ ಆಗಿರಲಿಕ್ಕಿಲ್ಲ. ಇನ್ನು ಆ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಪೇಟೆಯ ನಡುವೆ ಹೋದರೆ, ಸಂಜೆಯೊಳಗೆ ಬಸ್‌ಸ್ಟ್ಯಾಂಡಿನಲ್ಲಿ ಕಥೆ ತಯಾರಾಗಿರುತ್ತದೆ. ಹತ್ತಿದರೆ ಹೆಸರು ಕೆಡುತ್ತದೆ, ಹತ್ತದಿದ್ದರೆ ಕೆಲಸ ಕೆಡುತ್ತದೆ. ನನ್ನ ಜೊತೆಯ ಗಂಡಸರು ಅದೇ ಜೀಪಿನಲ್ಲಿ ಕಾಲು ಚಾಚಿ ಕೂತು ಹೋಗುತ್ತಿದ್ದರು. ಅವರ ಬಗ್ಗೆ ಯಾರೂ ಏನೂ ಹೇಳುತ್ತಿರಲಿಲ್ಲ. ಇದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಶೈಲಜಾ ಬಿಟ್ಟುಹೋದದ್ದು ಬೇರೆ ಕಾರಣಕ್ಕೆ. ಸೈಟಿನಲ್ಲಿ ಹೆಂಗಸರಿಗೆ ಹೋಗಲು ಜಾಗ ಇರುವುದಿಲ್ಲ. ಕಾಫಿ ತೋಟದ ಒಳಗೆ ಹೋಗೋಣವೆಂದರೆ ಅಲ್ಲಿ ಆಳುಗಳು, ಆಳುಗಳ ಲೆಕ್ಕ ಬರೆಯುವ ರೈಟರು, ಜಿಗಣೆ. ಅವಳು ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಬಿಟ್ಟಳು. ಬಿಸಿಲಿನಲ್ಲಿ ದಿನವಿಡೀ ನಿಂತು, ನೀರಿಲ್ಲದೆ, ಕಡೆಗೆ ಮೂತ್ರದ ಸೋಂಕಾಗಿ ಜ್ವರ ಬಂದು ಆಸ್ಪತ್ರೆ ಸೇರಿದಳು. ಎರಡನೇ ಸಲ ಹಾಗಾದಾಗ ಹೊಟ್ಟೆಯಲ್ಲಿ ಮಗುವಿತ್ತು. ಡಾಕ್ಟರು ಬೈದರು. ಅವಳು ಕೆಲಸ ಬಿಟ್ಟಳು. ಬೀಳ್ಕೊಡುವ ದಿನ ಸಾಹೇಬರು ಹಾರ ಹಾಕಿ, "ತಾಯ್ತನಕ್ಕಿಂತ ದೊಡ್ಡ ಕೆಲಸ ಇಲ್ಲ" ಎಂದು ಭಾಷಣ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ಪಾಯಿಖಾನೆ ಕಟ್ಟಿಸಿದ್ದರೆ ಅವಳು ಇರುತ್ತಿದ್ದಳು ಎಂದು ನಾನು ಪಕ್ಕದವರಿಗೆ ಹೇಳಿದೆ. ಅವರು ನನ್ನಿಂದ ಸ್ವಲ್ಪ ದೂರ ಸರಿದು ಕೂತರು. ಕಟ್ಟಡ ಕಟ್ಟಿಸುವ ಇಲಾಖೆಯವರೇ ನಾವು, ನಮಗೆ ಅದೊಂದನ್ನು ಕಟ್ಟಲು ಬರಲಿಲ್ಲ.

ನನಗೆ ಆ ಹೊತ್ತಿಗೆ ಒಂದು ಎಸ್ಟೇಟಿನ ಅಮ್ಮನವರ ಬಚ್ಚಲು ಸಿಕ್ಕಿತ್ತು. ರಸ್ತೆ ಕೆಲಸ ಅವರ ಗೇಟಿನ ಮುಂದೆಯೇ ಹಾದುಹೋಗುತ್ತಿತ್ತು. ಒಂದು ದಿನ ಆಳನ್ನು ಕಳಿಸಿ ನನ್ನನ್ನು ಒಳಗೆ ಕರೆಸಿದರು. "ಸುಲೋಚನಾ ಅವ್ರೆ, ಹೆಣ್ಮಕ್ಕಳ ಕಷ್ಟ ಹೆಣ್ಮಕ್ಕಳಿಗಲ್ದೆ ಯಾರಿಗೆ ಗೊತ್ತಾಗ್ತದೆ? ಯಾವಾಗ ಬೇಕಾದ್ರೂ ಬನ್ನಿ" ಎಂದರು. ಅವರ ಮನೆಯ ಸೋಪು ಸಹ ಪರಿಮಳದ್ದು. ನಾನು ದಿನಾ ಹೋಗುತ್ತಿದ್ದೆ, ದಿನಾ ಇದಕ್ಕೆ ಏನು ಕೇಳುತ್ತಾರೋ ಎಂದು ಕಾಯುತ್ತಿದ್ದೆ. ವರ್ಷ ಕಳೆಯಿತು, ಏನೂ ಕೇಳಲಿಲ್ಲ. ನನ್ನ ಬುದ್ಧಿಗೆ ನನಗೇ ನಾಚಿಕೆಯಾಗತೊಡಗಿತು. ಇನ್ನೇನು ಡಾಂಬರು ಹಾಕಬೇಕು ಎನ್ನುವಾಗ ಅಮ್ಮನವರು ಏಲಕ್ಕಿ ಹಾಕಿದ ಟೀ ಕೊಟ್ಟು, ರಸ್ತೆಯನ್ನು ಅವರ ಕಾಫಿ ಒಣಗಿಸುವ ಕಣದವರೆಗೆ ಒಂದಿಷ್ಟು ಎಳೆಯಲಾಗುತ್ತದೆಯೇ ಎಂದು ಕೇಳಿದರು. ನನಗೆ ಅಂದು ಬೇಸರವಾಗಲಿಲ್ಲ, ದೊಡ್ಡ ಸಮಾಧಾನವಾಯಿತು. ಆಗುವುದಿಲ್ಲ ಎಂದೆ. ಮರುದಿನದಿಂದ ಬಚ್ಚಲಿಗೆ ಬೀಗ ಬಿತ್ತು.

ಮೇಲಧಿಕಾರಿಗಳಲ್ಲಿ ಎರಡು ಜಾತಿ ಕಂಡಿದ್ದೇನೆ. ಒಂದು ಜಾತಿಯವರು ನಾನು ಕಳಸದಲ್ಲಿದ್ದಾಗಿನ ಸಾಹೇಬರು. ಬಾಯಿ ಬಿಟ್ಟರೆ ಬೈಗಳು. ಸೇತುವೆಯ ಒಂದು ಗುರುತನ್ನು ನಾನು ತಪ್ಪು ಹಾಕಿದ್ದಕ್ಕೆ ಆಳುಗಳ ಎದುರಿಗೇ ನಕ್ಷೆಯನ್ನು ಹೊಳೆಗೆ ಎಸೆದರು. ನಾನು ಅತ್ತೆ. "ಅತ್ತದ್ದು ಸಾಕು, ನೀರಿಗೆ ಇಳಿದು ಸರಿ ಗುರುತು ಹಾಕು" ಎಂದರು. ಇಳಿದೆ. ಅವರು ಗಂಡಸರಿಗೂ ಹಾಗೆಯೇ ಬೈಯುತ್ತಿದ್ದರು, ನೀರಿಗೆ ಇಳಿಸುತ್ತಿದ್ದರು. ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಅವರಿಂದ.

ಇನ್ನೊಂದು ಜಾತಿ ಕರುಣಾಳುಗಳದ್ದು. "ಛೆ, ಈ ಮಳೇಲಿ ನೀವ್ಯಾಕೆ ಹೋಗ್ತೀರಿ? ಕೂತ್ಕೊಳ್ಳಿ, ಎಸ್ಟಿಮೇಟ್ ಮಾಡಿ, ನಿಮ್ಮ ಅಕ್ಷರ ಚೆನ್ನಾಗಿದೆ" ಎನ್ನುವವರು. ಅವರ ಮಾತು ಕೇಳಿ ಒಂದು ವರ್ಷ ಕೂತರೆ ಕೆಲಸದ ಹಿಡಿತ ತಪ್ಪುತ್ತದೆ. ಎರಡು ವರ್ಷ ಕೂತರೆ, ಕಬ್ಬಿಣ ಕಟ್ಟುವವನು ಹೇಳಿದ ಸುಳ್ಳು ಗೊತ್ತಾಗುವುದಿಲ್ಲ. ಆಮೇಲೆ ಅವರೇ "ಈಯಮ್ಮನಿಗೆ ಸೈಟ್ ಅನುಭವ ಇಲ್ಲ" ಎಂದು ಬರೆಯುತ್ತಾರೆ. ಹೆಂಗಸರು ಈ ಕೆಲಸದಿಂದ ಹೊರಗೆ ಹೋಗುವ ದಾರಿ ಹೆಚ್ಚಾಗಿ ಆ ಕುರ್ಚಿಯಿಂದಲೇ ಶುರುವಾಗುತ್ತದೆ. ಯಾರಾದರೂ ಕುರ್ಚಿ ಕೊಟ್ಟಾಗಲೆಲ್ಲ ನಾನು ಇದು ಯಾರಿಗೆ ಅನುಕೂಲ ಎಂದು ಮೊದಲು ನೋಡುತ್ತಿದ್ದೆ. ನನ್ನ ಅನುಮಾನದ ಬುದ್ಧಿಗೆ ಕಚೇರಿಯಲ್ಲಿ ಒಂದು ಅಡ್ಡಹೆಸರೂ ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಕಾಲ ಬದಲಾಯಿತು. ಕಲ್ಲಿನ ಗೋಡೆ ಹೋಗಿ ಕಾಂಕ್ರೀಟ್ ಬಂತು. ಟೇಪು ಹಿಡಿದು ಅಳೆಯುತ್ತಿದ್ದ ಕಡೆ ಯಂತ್ರ ಬಂತು. ಈಗ ಸೈಟಿನ ಫೋಟೋ ಮೊಬೈಲಿನಲ್ಲಿ ಬರುತ್ತದೆ, ಎಲ್ಲಿ ತೆಗೆದದ್ದು, ಯಾವಾಗ ತೆಗೆದದ್ದು ಎಂಬುದೆಲ್ಲ ಅದರ ಕೆಳಗೆ ಇರುತ್ತದೆ. ಇನ್ನು ಮೋಸ ಸಾಧ್ಯವಿಲ್ಲ ಎಂದು ತರಬೇತಿಯಲ್ಲಿ ಹೇಳಿಕೊಟ್ಟರು. ಫೋಟೋದಲ್ಲಿ ಗೋಡೆಯ ಮುಂಭಾಗ ಕಾಣುತ್ತದೆ. ಗೋಡೆ ನಿಲ್ಲುವುದು ಹಿಂಭಾಗದಲ್ಲಿ ಏನು ತುಂಬಿದ್ದಾರೆ ಎಂಬುದರ ಮೇಲೆ. ಹಾಗೆಂದು ಕೈ ಎತ್ತಿ ಹೇಳಿದೆ. ತರಬೇತಿಯವರು ನಕ್ಕು ಮುಂದಿನ ಪಾಠಕ್ಕೆ ಹೋದರು.

ನಾನು ಮೂಡಿಗೆರೆ ಕಚೇರಿಯ ಮುಖ್ಯಸ್ಥೆಯಾಗಿ, ನಿವೃತ್ತಿಗೆ ಸ್ವಲ್ಪವೇ ಸಮಯ ಇದ್ದಾಗ ನಸೀಮಾ ಕೆಲಸಕ್ಕೆ ಬಂದಳು. ಅವಳ ತಂದೆ ಇಬ್ರಾಹಿಂ ಅವರದ್ದು ಮೂಡಿಗೆರೆಯಲ್ಲೇ ಗ್ಯಾರೇಜು. ಹುಡುಗಿಗೆ ಹಳೆಯ ಸ್ಕೂಟರೊಂದನ್ನು ತಾವೇ ಬಿಚ್ಚಿ ಜೋಡಿಸಿ, ಎಂಥ ಏರಿನಲ್ಲೂ ನಿಲ್ಲದ ಹಾಗೆ ಮಾಡಿಕೊಟ್ಟಿದ್ದರು. ಹೆಲ್ಮೆಟ್ಟಿನ ಒಳಗೆ ತಲೆವಸ್ತ್ರ, ಕಾಲಿಗೆ ಗಂಬೂಟು. ದೂರದ ಸಂಸೆಯ ಕಡೆಯ ಕೆಲಸವಿದ್ದರೂ ಬೆಳಗಾಗುವ ಹೊತ್ತಿಗೆ ಹೊರಟುಬಿಡುತ್ತಿದ್ದಳು. ಅವಳನ್ನು ಕಂಡು ನನಗೆ ತುಂಬಾ ಖುಷಿಯಾಯಿತು. ಇವಳಿಗೆ ಯಾರ ಜೀಪೂ ಬೇಡ, ಇವಳನ್ನು ಯಾರೂ ಅಲ್ಲಾಡಿಸಲಾರರು ಎಂದುಕೊಂಡೆ.

ಅವಳಿಗೆ ಕೊಟ್ಟ ಕೆಲಸಗಳಲ್ಲಿ ಒಂದು, ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಊರಿನ ಶಾಲೆಯ ತಡೆಗೋಡೆ. ಶಾಲೆಯ ಹಿಂದೆ ಗುಡ್ಡ. ಗುಡ್ಡ ಜಾರಿ ಕೊಠಡಿಗಳ ಮೇಲೆ ಬೀಳದಂತೆ ಕಾಂಕ್ರೀಟ್ ಗೋಡೆ. ಇಂಥ ಗೋಡೆಯ ಹಿಂದೆ ಕಲ್ಲು ತುಂಬಬೇಕು, ನೀರು ಹೊರಗೆ ಬರಲು ಅಲ್ಲಲ್ಲಿ ಪೈಪು ಬಿಡಬೇಕು. ಮಣ್ಣು ತುಂಬಿದರೆ ಮಳೆ ನೀರು ಅಲ್ಲೇ ನಿಂತು ಗೋಡೆಯನ್ನು ದೂಡುತ್ತದೆ. ನಮ್ಮ ಕಡೆಯ ಮಳೆಗೆ ಇದನ್ನು ಯಾರೂ ಮರೆಯುವಂತಿಲ್ಲ. ಕಂಟ್ರಾಕ್ಟರು ಜಗದೀಶ. ಊರಿಗೆಲ್ಲ ಜಗದೀಶಣ್ಣ. ನಗುಮುಖದ ಮನುಷ್ಯ, ಸುತ್ತಿನ ಊರುಗಳ ಯಾರ ಮನೆಯ ಕಾರ್ಯವಿದ್ದರೂ ಮುಂದೆ ನಿಲ್ಲುವವನು.

ಗೋಡೆಯ ಅರ್ಧ ಮುಗಿದಿತ್ತು. ಮಾರ್ಚ್ ಕೊನೆಗೆ ಕಾಫಿ ಗಿಡಗಳಲ್ಲಿ ಹೂ ಬಿಡಿಸುವ ಹೂಮಳೆ ಬಂತು. ಆ ಸಲ ಹೂಮಳೆ ಎಂದು ಕರೆಯಲಾಗದಷ್ಟು ಜೋರಾಗಿ ಬಂತು. ಮಳೆ ಬಿಟ್ಟು ನೋಡಿದರೆ ಮುಗಿದ ಗೋಡೆ ಶಾಲೆಯ ಕಡೆಗೆ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ಹೆಡ್‌ಮೇಷ್ಟ್ರು ಮಕ್ಕಳನ್ನು ಸಮುದಾಯ ಭವನಕ್ಕೆ ಕಳಿಸಿದರು. ಚಿಕ್ಕಮಗಳೂರಿನಿಂದ ದೊಡ್ಡ ಸಾಹೇಬರು ಬಂದು ನೋಡಿದರು. ಮೂರೇ ದಿನಕ್ಕೆ ನಸೀಮಾಳಿಗೆ ನೋಟಿಸು ಬಂತು. ಕೆಲಸ ನಡೆಯುವಾಗ ಸ್ಥಳದಲ್ಲಿ ಇರದೆ ಕರ್ತವ್ಯಲೋಪ ಮಾಡಿದ್ದಕ್ಕೆ ಯಾಕೆ ಕ್ರಮ ತೆಗೆದುಕೊಳ್ಳಬಾರದು ಎಂದು. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಈ ಒಂದು ನೋಟಿಸಿನಲ್ಲೇ ಕೆಲಸ ಹೋಗಬಹುದಿತ್ತು.

ಕಚೇರಿಯಲ್ಲಿ ಮಾತು ಶುರುವಾಯಿತು. "ಹೆಣ್ಮಕ್ಕಳಿಗೆ ಸೈಟ್ ಕೊಟ್ರೆ ಹಿಂಗೇ ಮಾರಾಯಾ. ಹೋಗೋದೇ ಇಲ್ವಲ್ಲ." ನಾನೂ ಮೊದಲು ಅವಳ ಮೇಲೆಯೇ ಅನುಮಾನಪಟ್ಟೆ. ಜಗದೀಶ ಇವಳನ್ನೂ ಒಳಗೆ ಹಾಕಿಕೊಂಡನೇ? ಅಥವಾ ಮನೆಯಲ್ಲಿ ಮದುವೆಯ ಮಾತು ನಡೆದು ಹುಡುಗಿಗೆ ಕೆಲಸದ ಮೇಲೆ ಗಮನವಿಲ್ಲವೇ? ಕರೆದು ಬಾಗಿಲು ಹಾಕಿ ಕೇಳಿದೆ.

"ಗೋಡೆ ಹಿಂದೆ ತುಂಬುವಾಗ ನೀನು ಎಲ್ಲಿದ್ದೆ?"

"ಆ ದಿನ ಆನೆ ಬಂದಿತ್ತು ಮೇಡಂ. ಜಗದೀಶಣ್ಣನ ಸೂಪರ್‌ವೈಸರ್ ಫೋನ್ ಮಾಡಿ ಬರ್ಬೇಡಿ ಅಂದ್ರು. ಕೆಲಸಾನೇ ನಿಲ್ಸಿದೀವಿ ಅಂದ್ರು. ಮರುದಿನ ಹೋದ್ರೆ ತುಂಬಿ ಆಗಿತ್ತು. ಆನೆ ಹೋದ್ಮೇಲೆ ಸಂಜೆ ಮಾಡಿದ್ವಿ, ಕಲ್ಲೇ ಹಾಕಿದೀವಿ ಅಂತ ಫೋಟೋ ತೋರಿಸಿದ್ರು."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ ಮೇಡಂ. ನೀವೇ ಆನೆ ಅಂದ್ರೆ ಹೋಗ್ಬೇಡ ಅಂದ್ರಿ."

ನಿಜ. ಆನೆಯ ವಿಷಯದಲ್ಲಿ ನಮ್ಮ ಕಡೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಬೆಳಿಗ್ಗೆ ತೋಟಕ್ಕೆ ಹೋದವರು ಸಂಜೆ ಹೆಣವಾಗಿ ಬಂದದ್ದನ್ನು ಕಂಡವರು ನಾವು. ಆನೆ ಇದೆ ಎಂದರೆ ಶಾಲೆ ಬಿಡಿಸುತ್ತಾರೆ, ಬಸ್ಸು ನಿಲ್ಲಿಸುತ್ತಾರೆ. ಎಲ್ಲದರ ಮೇಲೂ ಅನುಮಾನ ಪಡುವ ನಾನೂ ಆ ಒಂದು ಮಾತಿನ ಮೇಲೆ ಪಟ್ಟಿರಲಿಲ್ಲ.

"ಎಷ್ಟು ಸಲ ಬಂತು ಆನೆ?"

ಅವಳು ಯೋಚಿಸಿದಳು. ಬೆರಳು ಮಡಿಸಿ ಎಣಿಸತೊಡಗಿದವಳು ಅರ್ಧಕ್ಕೆ ನಿಲ್ಲಿಸಿದಳು. "ಕಾಂಕ್ರೀಟ್ ಇದ್ದಾಗೆಲ್ಲ ಬಂದಿದೆ ಮೇಡಂ" ಎಂದಳು.

ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಮೋರಿ ಕೆಲಸ ನೋಡುತ್ತಿದ್ದವನು ಪ್ರಸನ್ನ, ನಮ್ಮ ಕಚೇರಿಯ ಇನ್ನೊಬ್ಬ ಇಂಜಿನಿಯರು. ಆ ಮೋರಿ ಕೆಲಸವೂ ಜಗದೀಶನದ್ದೇ. ಪ್ರಸನ್ನನನ್ನು ಸುಮ್ಮನೆ ಕರೆದು ಕಾಫಿ ತರಿಸಿ, "ಆ ಕಡೆ ಆನೆ ಕಾಟ ಜೋರಂತೆ, ಹುಷಾರು" ಎಂದೆ.

"ಯಾವ ಆನೆ ಮೇಡಂ?"

"ನಿನಗೆ ಫೋನ್ ಬರೋದಿಲ್ವಾ?"

"ಹಿಂದಿನ ವರ್ಷ ಒಂದ್ಸಲ ಬಂದಿತ್ತಂತೆ. ಈ ವರ್ಷ ಆ ಮಗ್ಗುಲಿಗೇ ಇಲ್ಲ. ನಾನು ದಿನಾ ಹೋಗ್ತೀನಲ್ಲ."

ಅವನನ್ನು ಕಳಿಸಿ ಬಾಗಿಲು ಹಾಕಿಕೊಂಡೆ. ಮೈ ಉರಿಯುತ್ತಿತ್ತು. ನನ್ನ ಕಾಲದ ಪಂಕ್ಚರು ಈಗ ಆನೆಯಾಗಿದೆ ಎಂದು ಗೊತ್ತಾಯಿತು.

ಆದರೆ ಗೊತ್ತಾದರೆ ಸಾಲದು, ನೋಟಿಸಿಗೆ ಉತ್ತರ ಕೊಡಲು ಕಣ್ಣಾರೆ ಕಂಡದ್ದು ಬೇಕು. ಗೋಡೆಯ ಉಳಿದ ಅರ್ಧ ಬಾಕಿ ಇತ್ತು. ಉಬ್ಬಿದ ಗೋಡೆಯ ಗಲಾಟೆ ಮುಗಿಯುವ ಮೊದಲೇ ಅದನ್ನೂ ಮುಗಿಸಿ ಮುಚ್ಚಿಬಿಡುವ ಆತುರ ಜಗದೀಶನಿಗೆ ಇದ್ದೇ ಇರುತ್ತದೆ ಎಂದು ಲೆಕ್ಕ ಹಾಕಿದೆ. ನಸೀಮಾಳಿಗೆ ಏನೂ ಗೊತ್ತಿಲ್ಲದವಳಂತೆ ಇರು ಎಂದೆ. ಅವಳಿಗೆ ಹಾಗೆ ಇರಲು ಕಷ್ಟವಾಗುತ್ತಿತ್ತು. ಮುಖದಲ್ಲಿ ಏನನ್ನೂ ಬಚ್ಚಿಡಲು ಬಾರದ ಹುಡುಗಿ.

ಒಂದು ಬೆಳಿಗ್ಗೆ ಅವಳು ಮನೆಗೇ ಬಂದಳು. "ಮೇಡಂ, ಆನೆ ಬಂದಿದೆ" ಎಂದಳು. ಸೂಪರ್‌ವೈಸರನಿಂದ ಆಗ ತಾನೇ ಫೋನ್ ಬಂದಿತ್ತು.

ಇಲಾಖೆಯ ಜೀಪು ನನ್ನ ಹತ್ತಿರ ಇತ್ತು. ತೆಗೆಯಲಿಲ್ಲ. ಜೀಪು ಕಚೇರಿಯ ಗೇಟು ದಾಟುವ ಮೊದಲೇ ಕಂಟ್ರಾಕ್ಟರಿಗೆ ಸುದ್ದಿ ಹೋಗುತ್ತದೆ ಎಂಬುದು ನನ್ನ ಬಹಳ ದಿನದ ಅನುಮಾನ. ನಸೀಮಾಳ ಸ್ಕೂಟರಿನ ಹಿಂದೆ ಸೀರೆಯಲ್ಲಿ, ಎರಡೂ ಕಡೆ ಕಾಲು ಹಾಕಿ ಕೂತೆ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡಿದರು. ಅವರು ರಿಟೈರಾದ ಹೈಸ್ಕೂಲು ಮೇಷ್ಟ್ರು, ನಾನು ಮಾಡುವುದಕ್ಕೆಲ್ಲ ಕಾರಣ ಕೇಳುವುದನ್ನು ಯಾವತ್ತೋ ಬಿಟ್ಟಿದ್ದಾರೆ. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಇವತ್ತು ನಿಜವಾಗಿಯೂ ಆನೆ ಇದ್ದರೆ? ತಿರುವಿನಲ್ಲಿ ಎಮ್ಮೆ ಕಂಡರೂ ನಸೀಮಾಳ ಭುಜ ಹಿಡಿಯುತ್ತಿದ್ದೆ. "ಮೇಡಂ, ಗಟ್ಟಿ ಹಿಡೀಬೇಡಿ, ಹ್ಯಾಂಡಲ್ ಎಳೀತದೆ" ಎನ್ನುತ್ತಿದ್ದಳು.

ಶಾಲೆಯ ಹಿಂದೆ ಮಿಕ್ಸರು ಭರ್ಜರಿಯಾಗಿ ತಿರುಗುತ್ತಿತ್ತು. ಸಾಲಾಗಿ ನಿಂತ ಹೆಂಗಸಾಳುಗಳು ತಲೆಯ ಮೇಲೆ ಕಾಂಕ್ರೀಟಿನ ಬಾಂಡ್ಲಿ ಹೊತ್ತು ದಾಟಿಸುತ್ತಿದ್ದರು. ಒಬ್ಬಳ ಮಗು ಸಿಮೆಂಟು ಚೀಲದ ಮೇಲೆ ಮಲಗಿತ್ತು. ಅದನ್ನು ನೋಡಿ ನಾನು ಸ್ಕೂಟರು ಇಳಿದಲ್ಲೇ ನಿಂತೆ. ಇಷ್ಟು ಜನ ಹೆಂಗಸರಿಗೆ ಇಲ್ಲದ ಆನೆ ನಸೀಮಾ ಒಬ್ಬಳಿಗೆ ಹೇಗೆ ಬಂತು? ಬಾಂಡ್ಲಿ ಹೊರುವವಳು ಹೆಂಗಸಾದರೆ ಯಾರಿಗೂ ಅವಳ ಚಿಂತೆಯಿಲ್ಲ. ಕೀಳು ಎಂದು ಹೇಳುವವಳು ಹೆಂಗಸಾದಾಗ ಮಾತ್ರ ಎಲ್ಲರಿಗೂ ಅವಳ ಕ್ಷೇಮದ ಚಿಂತೆ.

ಜಗದೀಶ ಓಡಿ ಬಂದ. "ಅಯ್ಯೋ ಮೇಡಂ, ನೀವ್ಯಾಕೆ ಬರೋಕ್ ಹೋದ್ರಿ? ಈಗಷ್ಟೇ ಹೋಯ್ತು ಆನೆ."

"ಯಾವ ಕಡೆ ಹೋಯ್ತು?"

ಜಗದೀಶ ಕೆಳಗಿನ ಗದ್ದೆಯ ಕಡೆ ಕೈ ತೋರಿಸಿದ. ಅವನ ಹಿಂದೆ ನಿಂತಿದ್ದ ಸೂಪರ್‌ವೈಸರು ಅದೇ ಹೊತ್ತಿಗೆ ಗುಡ್ಡದ ಕಡೆ ತೋರಿಸಿದ. ಸಾಲಿನಲ್ಲಿದ್ದ ಒಬ್ಬ ಹೆಂಗಸು ಬಾಂಡ್ಲಿ ಇಳಿಸಿ, "ಆನೆ ಬಂದಿತ್ತಾ? ನಮಗೆ ಯಾರೂ ಹೇಳೇ ಇಲ್ವಲ್ಲ ಮಾರ್ರೆ" ಎಂದಳು. ಉಳಿದವರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು.

ನಸೀಮಾ ನಗಲಿಲ್ಲ. ಗೋಡೆಯ ಹಿಂದಕ್ಕೆ ಹತ್ತಿ, ಕಬ್ಬಿಣದ ಸರಳು ತೆಗೆದುಕೊಂಡು ತುಂಬಿದ್ದಲ್ಲೆಲ್ಲ ಚುಚ್ಚಿದಳು. ಸರಳು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಬರೀ ಮಣ್ಣು. ಪೈಪುಗಳನ್ನು ಗೋಡೆಯ ಮುಂದಕ್ಕೆ ಕಾಣುವಷ್ಟು ಮಾತ್ರ ಸಿಕ್ಕಿಸಿದ್ದರು. "ಇದನ್ನ ತೆಗೀರಿ. ಎಲ್ಲಾ ತೆಗೀರಿ" ಎಂದಳು. ಮಿಕ್ಸರು ನಿಂತಿತು. ನನ್ನ ಇಡೀ ನೌಕರಿಯಲ್ಲಿ ನನಗೆ ಅಷ್ಟು ಸಂತೋಷವಾದ ಗಳಿಗೆ ಇನ್ನೊಂದಿಲ್ಲ.

ಆ ಸಂಜೆ ಇಬ್ರಾಹಿಂ ಅವರ ಗ್ಯಾರೇಜಿಗೆ ಹೋದೆ. ಮಗಳ ಕೆಲಸ ಉಳಿಯುತ್ತದೆ ಎಂದು ಹೇಳಲು ಹೋದದ್ದು ಒಂದು. ಇನ್ನೊಂದು, ನನಗೆ ಅವರ ಮೇಲೂ ಅನುಮಾನವಿತ್ತು. ಜಗದೀಶನ ಟಿಪ್ಪರುಗಳು ಅಲ್ಲಿಯೇ ರಿಪೇರಿಗೆ ನಿಲ್ಲುತ್ತಿದ್ದುದನ್ನು ನೋಡಿದ್ದೆ. ಆನೆಯ ಕಥೆ ಕೇಳಿ ಅವರು ಕೈಯ ಗ್ರೀಸು ಒರೆಸುವುದನ್ನೂ ಮರೆತರು.

"ಜಗದೀಶಣ್ಣ ಮನೆಗೆ ಬಂದಿದ್ರು ಮೇಡಂ ಅವ್ರೆ. ನಿಮ್ಮ ಮಗಳು ಒಬ್ಳೇ ಕಾಡು ದಾರೀಲಿ ಬರ್ತಾಳೆ, ನನ್ನ ತಂಗಿ ಇದ್ದ ಹಾಗೆ, ಆನೆ ಗೀನೆ ಇದ್ರೆ ನಾವು ಮೊದ್ಲೇ ಫೋನ್ ಮಾಡ್ತೀವಿ, ಬೇಜಾರ್ ಮಾಡ್ಬೇಡಿ ಅಂದ್ರು. ನಾನು ಎರಡೂ ಕೈ ಹಿಡ್ಕೊಂಡು ಥ್ಯಾಂಕ್ಸ್ ಹೇಳ್ದೆ." ಆಮೇಲೆ ಕೈಯ ಗ್ರೀಸು ಒರೆಸಿಕೊಳ್ಳುತ್ತಾ, "ಅವರ ಗಾಡಿ ಬಂದ್ರೆ ಬೇರೆಯವರದ್ದು ಬದಿಗಿಟ್ಟು ಮೊದ್ಲು ಮಾಡಿಕೊಡ್ತಿದ್ದೆ" ಎಂದರು.

ಮಗಳ ಮೇಲಿನ ಅವರ ಪ್ರೀತಿಯನ್ನೇ ಜಗದೀಶ ಕೆಲಸಕ್ಕೆ ಹಚ್ಚಿದ್ದ. ಅವರ ಮೇಲೆ ಅನುಮಾನ ಇಟ್ಟುಕೊಂಡು ಬಂದಿದ್ದೇನೆ ಎಂದು ಹೇಳಲು ಬಾಯಿ ಬರಲಿಲ್ಲ.

ಚಿಕ್ಕಮಗಳೂರಿನಲ್ಲಿ ವಿಚಾರಣೆ ನಡೆಯಿತು. ದೊಡ್ಡ ಸಾಹೇಬರು, ಒಂದಿಬ್ಬರು ಅಧಿಕಾರಿಗಳು, ಜಗದೀಶ, ನಾನು, ನಸೀಮಾ. ನಾನು ಕಂಡದ್ದನ್ನೆಲ್ಲ ಹೇಳಿದೆ. ಪ್ರಸನ್ನನೂ ಬಂದು ಆನೆ ಇರಲಿಲ್ಲ ಎಂದು ಹೇಳಿದ. ದೊಡ್ಡ ಸಾಹೇಬರು ಕೆಟ್ಟವರಲ್ಲ. ಜಗದೀಶನಿಗೆ ಖಡಕ್ಕಾಗಿ ಬೈದರು. ಗೋಡೆ ಪೂರ್ತಿ ಒಡೆದು ಹೊಸದಾಗಿ ಕಟ್ಟಿಕೊಡಬೇಕೆಂದರು. ನಸೀಮಾಳ ನೋಟಿಸು ಕೈಬಿಟ್ಟರು. ಗೆದ್ದೆವು ಎಂದುಕೊಂಡು ನಾನು ಅವಳ ಕಡೆ ನೋಡಿದೆ.

ಆಗ ಸಾಹೇಬರು ಕನ್ನಡಕ ತೆಗೆದಿಟ್ಟು ಮೆತ್ತಗೆ ಮಾತಾಡಿದರು. "ನೋಡಮ್ಮ, ನಿನ್ನ ತಪ್ಪಿಲ್ಲ. ಆದ್ರೆ ಇದರಿಂದ ನಾವೂ ಪಾಠ ಕಲೀಬೇಕು. ಇನ್ನು ಮೇಲೆ ನಮ್ಮ ಮಹಿಳಾ ಇಂಜಿನಿಯರುಗಳಿಗೆ ಕಾಡು ಬದಿ ಕೆಲಸ ಬೇಡ. ನಿನ್ನನ್ನ ಇಲ್ಲೇ ಎಸ್ಟಿಮೇಟ್ ಸೆಕ್ಷನ್ನಿಗೆ ಹಾಕ್ತೀನಿ. ಆರಾಮಾಗಿರು."

"ಸಾರ್, ಆನೆ ಸುಳ್ಳು ಅಂತ ಈಗ ತಾನೇ ಗೊತ್ತಾಯ್ತಲ್ಲ" ಎಂದೆ.

"ಇವತ್ತು ಸುಳ್ಳು ಸುಲೋಚನಾ ಅವ್ರೆ. ನಾಳೆ ನಿಜ ಆದ್ರೆ? ಜವಾಬ್ದಾರಿ ಯಾರು ತಗೋತಾರೆ?"

"ಪ್ರಸನ್ನನಿಗೆ ನಾಳೆ ನಿಜವಾದ ಆನೆ ಸಿಕ್ಕಿದ್ರೆ ಯಾರು ತಗೋತಾರೆ?"

ಸಾಹೇಬರು ನಕ್ಕರು. "ನಿಮ್ಮದು ಯಾವಾಗ್ಲೂ ಇದೇ" ಎಂದರು. ಉಳಿದವರೂ ನಕ್ಕರು. ಜಗದೀಶ ಕೈ ಮುಗಿದು, "ಒಳ್ಳೇ ತೀರ್ಮಾನ ಸಾರ್, ಮನೆ ಮಗಳ ಥರ ನೋಡಿದ್ರಿ" ಎಂದ. ಅವನ ಮುಖದಲ್ಲಿ ನೋವಿನ ಗುರುತೇ ಇರಲಿಲ್ಲ. ಒಂದು ಗೋಡೆ ಹೋಗಿತ್ತು ಅವನಿಗೆ, ಮುಂದಿನ ಗೋಡೆಗಳೆಲ್ಲ ಸಿಕ್ಕಿದ್ದವು.

ನಸೀಮಾ ಎಸ್ಟಿಮೇಟಿನ ಕುರ್ಚಿಯಲ್ಲಿ ಮಳೆಗಾಲ ಕಳೆದಳು. ದೀಪಾವಳಿ ದಾಟಿ ಸೈಟುಗಳು ಮತ್ತೆ ಶುರುವಾಗುವ ಹೊತ್ತಿಗೆ ರಾಜೀನಾಮೆ ಕೊಟ್ಟಳು. ಕಚೇರಿಯಲ್ಲಿ ಎಲ್ಲರೂ, "ಮದುವೆ ನಿಶ್ಚಯ ಆಗಿರಬೇಕು" ಎಂದರು. ಇಬ್ರಾಹಿಂ ನನ್ನ ಮನೆಗೆ ಬಂದರು. "ನೀವಾದ್ರೂ ಹೇಳಿ ಮೇಡಂ ಅವ್ರೆ, ಬಿಡ್ಬೇಡ ಅಂತ. ನಿಮ್ಮ ಮಾತು ಕೇಳ್ತಾಳೆ" ಎಂದರು. ಆ ತಂದೆಯ ಕಣ್ಣಲ್ಲಿ ನೀರಿತ್ತು. ನನಗೂ ಅವಳು ಉಳಿಯಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಯಾಕೆ ಇಷ್ಟು ಬೇಕು ಎಂದು ನನ್ನ ಮೇಲೆಯೇ ಅನುಮಾನ ಬಂತು. ಅವಳಿಗೋಸ್ಕರವೋ, ನಾನು ಒಬ್ಬಳೇ ಉಳಿದದ್ದಕ್ಕೆ ಒಂದು ಅರ್ಥ ಸಿಗಲಿ ಎಂದೋ?

ಮರುದಿನ ಅವಳನ್ನು ಕರೆಸಿಕೊಂಡೆ. ಅಂಗಳದ ಕಟ್ಟೆಯ ಮೇಲೆ ಕೂತೆವು.

"ಆ ಜಗದೀಶನಿಗೆ ಹೆದರಿ ಬಿಡ್ತಿದ್ದೀಯಾ?"

"ಇಲ್ಲ ಮೇಡಂ. ಅವ್ರ ಹತ್ರ ಜಗಳ ಆಡಬಹುದಿತ್ತು. ಆಡಿದ್ವಲ್ಲ." ಅವಳು ಕೈಯ ಉಗುರು ನೋಡಿಕೊಂಡಳು. "ಆ ದಿನ ಸಾಹೇಬ್ರು ಮಾತಾಡಿದ್ರಲ್ಲ, ಅಷ್ಟು ಪ್ರೀತಿಯಿಂದ. ಒಳ್ಳೇದು ಮಾಡೋರ ಹತ್ರ ಹೆಂಗೆ ಜಗಳ ಆಡೋದು?"

"ಬಿಟ್ಟು ಎಂತ ಮಾಡ್ತೀಯ?"

"ಗೊತ್ತಿಲ್ಲ. ಸ್ವಲ್ಪ ದಿನ ಅಪ್ಪನ ಗ್ಯಾರೇಜಲ್ಲಿ ಕೂತ್ಕೋತೀನಿ."

"ನಾನು ಉಳಿಲಿಲ್ವಾ ನಸೀಮಾ? ಕಲ್ತ್ಕೋಬೇಕು. ಫೋನ್ ಬಂದ್ರೆ ನಂಬಬಾರ್ದು. ಬೇಗ ಮನೆಗೆ ಹೋಗಿ ಅಂದ್ರೆ ಯಾಕೆ ಅಂತ ನೋಡ್ಬೇಕು. ಟೀ ಕೊಟ್ರೆ ಯಾಕೆ ಅಂತ ನೋಡ್ಬೇಕು. ಪಕ್ಕದ ಸೀಟಿನವ್ರನ್ನೂ ನಂಬಬಾರ್ದು. ಅಭ್ಯಾಸ ಆಗ್ತದೆ."

ಅವಳು ನನ್ನ ಕಡೆ ತಿರುಗಿದಳು. ಸಿಟ್ಟಿನಿಂದಲ್ಲ, ಗೌರವ ಬಿಟ್ಟೂ ಅಲ್ಲ.

"ಅದೇ ಮೇಡಂ" ಎಂದಳು. "ಆಗ್ಲೇ ಶುರುವಾಗಿದೆ. ಅಮ್ಮ ಛತ್ರಿ ತಗೊಂಡು ಹೋಗು ಅಂದ್ರೂ ಯಾಕೆ ಹೇಳಿದ್ರು ಅಂತ ಯೋಚನೆ ಬರ್ತದೆ. ನಂಗೆ ಹಾಗೆ ಆಗೋಕೆ ಇಷ್ಟ ಇಲ್ಲ."

ಹಾಗೆ ಎಂದರೆ ನಿಮ್ಮ ಹಾಗೆ ಎಂದು ಅವಳು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ. ನಾನು ಮತ್ತೆ ಒತ್ತಾಯ ಮಾಡಲಿಲ್ಲ. ಗೇಟಿನವರೆಗೆ ಹೋಗಿ ಕಳಿಸಿಕೊಟ್ಟೆ.

ಒಳಗೆ ಬಂದು ಕುರ್ಚಿಯಲ್ಲಿ ಕೂತೆ. ನಮ್ಮ ಮನೆಯವರು ಅಡುಗೆಮನೆಯಿಂದ ಇಣುಕಿ ನೋಡಿದರು. "ಸುಸ್ತಾದವಳ ಹಾಗೆ ಕಾಣ್ತೀಯ. ಇವತ್ತು ನೀನು ಏಳ್ಬೇಡ, ಅಡುಗೆ ನಾನು ಮಾಡ್ತೀನಿ" ಎಂದರು. ನಾನು ತಲೆಯೆತ್ತಿ ಅವರ ಮುಖದಲ್ಲಿ ಹುಡುಕಿದೆ, ಏನನ್ನು ಮುಚ್ಚಿಡುತ್ತಿದ್ದಾರೆ ಎಂದು. ಅವರು ಏನನ್ನೂ ಮುಚ್ಚಿಡುತ್ತಿರಲಿಲ್ಲ.